ಐಂಡ್‌ಹೋವನ್‌ನಿಂದ ಬಾರ್ಸಿಲೋನಾಕ್ಕೆ ಆರು ಮಂದಿ: ಮೋಟರ್‌ಹೋಮೋ, ರೈಲು ಪಾಸೋ, ಒಂಬತ್ತು ಸೀಟಿನ ವ್ಯಾನೋ?

ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅತ್ತೆ, ಮಾವ, ಇಬ್ಬರು ಮಕ್ಕಳು ಮತ್ತು ನಾವಿಬ್ಬರು ಸೇರಿ ಆರು ಮಂದಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಿಂದ ಹೊರಟು, ಫ್ರಾನ್ಸನ್ನು ಉದ್ದಕ್ಕೆ ದಾಟಿ, ಬಾರ್ಸಿಲೋನಾ ನೋಡಿ ಬರಬೇಕಾದರೆ ಒಂಬತ್ತು ಸೀಟಿನ ಬಾಡಿಗೆ ವ್ಯಾನು ಮತ್ತು ರಾತ್ರಿ ತಂಗಲು ಅಡುಗೆಮನೆ ಇರುವ ಅಪಾರ್ಟ್‌ಮೆಂಟು, ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಸಿಕ್ಕಿಲ್ಲ. ಇದೇ ದಿಕ್ಕಿನ ಪ್ರವಾಸವನ್ನು ಒಂದು ಬೇಸಿಗೆಯಲ್ಲಿ ಮೋಟರ್‌ಹೋಮ್‌ನಲ್ಲಿಯೂ ಮತ್ತೊಂದು ಬೇಸಿಗೆಯಲ್ಲಿ ರೈಲು ಪಾಸ್ ಹಿಡಿದೂ ಮಾಡಿದ ಮೇಲೆ ಬಂದ ತೀರ್ಮಾನ ಇದು. ಅತ್ತೆ–ಮಾವ ದಾವಣಗೆರೆಯವರು, ಎಪ್ಪತ್ತು ದಾಟಿದವರು, ಸಸ್ಯಾಹಾರಿಗಳು. ಷೆಂಗೆನ್ ವೀಸಾದ ಮೇಲೆ ಬೇಸಿಗೆಗೆ ನಮ್ಮಲ್ಲಿಗೆ ಬಂದು ಹೋಗುತ್ತಾರೆ. ಬೇರೆ ಸಂಸಾರಕ್ಕೆ ಬೇರೆ ಲೆಕ್ಕ ಸರಿಹೋಗಬಹುದು.

ಮೋಟರ್‌ಹೋಮ್ ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಹೋಟೆಲಿನ ಹಂಗಿಲ್ಲ, ಬೇಕಾದಲ್ಲಿ ಒಲೆ ಹಚ್ಚಬಹುದು, ವಯಸ್ಸಾದವರಿಗೆ ಶೌಚಾಲಯ ಸದಾ ಹತ್ತಿರದಲ್ಲಿರುತ್ತದೆ. ಅಲ್ಲದೆ ಫ್ರಾನ್ಸಿನ ಎಷ್ಟೋ ಸಣ್ಣ ಊರುಗಳು ಇಂಥ ವಾಹನಗಳು ರಾತ್ರಿ ನಿಲ್ಲಲೆಂದೇ ಜಾಗ ಮಾಡಿ, ನೀರು ತುಂಬಿಸಿಕೊಳ್ಳುವ ಮತ್ತು ಕೊಳೆ ನೀರು ಚೆಲ್ಲುವ ವ್ಯವಸ್ಥೆಯನ್ನೂ ಇಟ್ಟಿವೆ. ನಾವು ಬಾಡಿಗೆಗೆ ಹಿಡಿದ ಗಾಡಿಯ ಜಾಹೀರಾತಿನಲ್ಲಿ ಆರು ಸೀಟ್‌ಬೆಲ್ಟ್, ಆರು ಹಾಸಿಗೆ ಎಂದು ಸ್ಪಷ್ಟವಾಗಿ ಬರೆದಿತ್ತು. ಆರು ಹಾಸಿಗೆ ಇದ್ದೂ ನಾಲ್ಕೇ ಬೆಲ್ಟ್ ಇರುವ ಗಾಡಿಗಳು ಸಾಕಷ್ಟಿರುವುದರಿಂದ ಅದನ್ನು ಬರಹದಲ್ಲಿಯೇ ಖಚಿತಪಡಿಸಿಕೊಂಡಿದ್ದೆವು. ಜಾಹೀರಾತಿನಲ್ಲಿ ಇದ್ದದ್ದು ಸುಳ್ಳಲ್ಲ. ಆದರೆ ತೂಕದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ನಮ್ಮ ಬಳಿ ಇರುವ ‘ಬಿ’ ವರ್ಗದ ಚಾಲನಾ ಪರವಾನಗಿಯಲ್ಲಿ 3,500 ಕಿಲೋವರೆಗಿನ ವಾಹನವನ್ನು ಓಡಿಸಬಹುದು. ಬಾಡಿಗೆಗೆ ಸಿಗುವ ಕುಟುಂಬದ ಮೋಟರ್‌ಹೋಮ್‌ಗಳು ಬಹುಪಾಲು ಈ ಗೆರೆಯೊಳಗೇ ಇರುವಂತೆ ನೋಂದಣಿಯಾಗಿರುತ್ತವೆ, ಅಂದರೆ ಗಾಡಿ, ಜನ, ನೀರು, ಸಾಮಾನು ಎಲ್ಲ ಸೇರಿ 3,500 ಕಿಲೋ ಮೀರುವಂತಿಲ್ಲ. ನೋಂದಣಿ ಪತ್ರದಲ್ಲಿ ‘ಎಫ್.2’ ಎಂಬ ಅಂಕಣದಲ್ಲಿ ಈ ಗರಿಷ್ಠ ತೂಕವೂ ‘ಜಿ’ ಎಂಬ ಅಂಕಣದಲ್ಲಿ ಓಡಲು ಸಿದ್ಧವಾದ ಗಾಡಿಯ ತೂಕವೂ ಇರುತ್ತದೆ. ಎರಡನೆಯದರಲ್ಲಿ ಚಾಲಕರ ಲೆಕ್ಕಕ್ಕೆ 75 ಕಿಲೋ ಆಗಲೇ ಸೇರಿರುತ್ತದೆ. ನಮ್ಮ ಗಾಡಿಯ ಪತ್ರದಲ್ಲಿ ಅದು 3,080 ಇತ್ತು, ಉಳಿದದ್ದು 420 ಕಿಲೋ. ಉಳಿದ ಐವರ ತೂಕ ಕಳೆದರೆ 170, ನೀರಿನ ಟ್ಯಾಂಕನ್ನು ಪೂರ್ತಿ ತುಂಬಿಸಿದರೆ ಇನ್ನೂ 80 ಹೋಯಿತು. ಆರು ಮಂದಿಯ ಬಟ್ಟೆ, ಹಾಸಿಗೆ, ಪಾತ್ರೆ, ದಿನಸಿ, ಮಡಚುವ ಮೇಜು–ಕುರ್ಚಿ ಎಲ್ಲಕ್ಕೂ ಸೇರಿ 90 ಕಿಲೋ, ಎಂದರೆ ತಲೆಗೆ 15 ಕಿಲೋ. ವಿಮಾನದವರು ಮಾವನವರಿಗೊಬ್ಬರಿಗೇ ಅದಕ್ಕಿಂತ ಹೆಚ್ಚು ಕೊಟ್ಟಿದ್ದರು.

ಅಕ್ಕಿ ಚೀಲ, ಕುರ್ಚಿಗಳು, ಮಕ್ಕಳ ಸೈಕಲ್ಲುಗಳು ಎಲ್ಲವೂ ಬಾಡಿಗೆ ಕಂಪನಿಯ ಅಂಗಳದಲ್ಲಿಯೇ ಇಳಿದವು. ನೀರನ್ನು ಕಾಲುಭಾಗ ಮಾತ್ರ ತುಂಬಿಸಿಕೊಂಡು, ನಿಲ್ಲುವ ಜಾಗ ತಲುಪಿದ ಮೇಲೆ ತುಂಬಿಸಿಕೊಳ್ಳುವುದು, ಹೊರಡುವಾಗ ಮತ್ತೆ ಚೆಲ್ಲುವುದು ದಿನಚರಿಯಾಯಿತು. ಕೌಂಟರಿನಲ್ಲಿದ್ದವರನ್ನು ಕೇಳಿದಾಗ ‘ಎಲ್ಲರೂ ಸ್ವಲ್ಪ ಹೆಚ್ಚೇ ಹೇರುತ್ತಾರೆ’ ಎಂಬ ಸಮಾಧಾನ ಸಿಕ್ಕಿತು. ದಾರಿಯಲ್ಲಿ ಪೊಲೀಸರು ತೂಕಕ್ಕೆ ನಿಲ್ಲಿಸಿದರೆ ದಂಡ ಕಟ್ಟುವವರು, ಅಪಘಾತವಾದರೆ ವಿಮೆಯವರಿಗೆ ಉತ್ತರ ಹೇಳುವವರು ನಾವೇ ಹೊರತು ಅವರಲ್ಲ. ಮೋಟರ್‌ಹೋಮ್ ಬಾಡಿಗೆಗೆ ಕೇಳುವ ಯಾರಿಗೇ ಆಗಲಿ ನನ್ನ ಸಲಹೆ ಇಷ್ಟೇ: ಮುಂಗಡ ಕೊಡುವ ಮೊದಲು ನೋಂದಣಿ ಪತ್ರದ ಚಿತ್ರ ಕಳುಹಿಸಲು ಹೇಳಿ, ಆ ಎರಡು ಅಂಕಿಗಳನ್ನು ಕಳೆದು ನೋಡಿ. ಇಬ್ಬರು ದೊಡ್ಡವರು, ಒಂದು ಮಗು ಇದ್ದರೆ ಲೆಕ್ಕ ಆರಾಮಾಗಿ ಕೂಡುತ್ತದೆ. ಆರು ಮಂದಿಗೆ ಕೂಡುವುದಿಲ್ಲ.

ಉಳಿದ ತೊಂದರೆಗಳು ಇದರ ಮುಂದೆ ಸಣ್ಣವು. ಚಾಲಕರ ತಲೆಯ ಮೇಲಿನ ಹಾಸಿಗೆಗೆ ಏಣಿ ಹತ್ತಬೇಕು. ಮೊದಲ ರಾತ್ರಿ ಮಾವ ಕೆಳಗೆ ನಿಂತು, ‘ಏನಮ್ಮಾ, ಇಷ್ಟು ದುಡ್ಡು ಕೊಟ್ಟು ನನ್ನನ್ನು ಅಟ್ಟ ಹತ್ತಿಸ್ತೀಯಾ?’ ಎಂದರು. ನಿಂತ ಗಾಡಿಯೊಳಗೆ ದಕ್ಷಿಣ ಫ್ರಾನ್ಸಿನ ಜುಲೈ ಸೆಕೆಯನ್ನು ಸಹಿಸುವುದು ಕಷ್ಟ. ಶೌಚದ ಪೆಟ್ಟಿಗೆಯನ್ನು ಖಾಲಿ ಮಾಡುವ ಕೆಲಸ ಯಾರದು ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ.

ರೈಲಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಯುರೋಪಿನ ನಿವಾಸಿಗಳಾದ ನಮಗೆ ಇಂಟರ್‌ರೇಲ್ ಪಾಸು, ಭಾರತದಿಂದ ಬಂದ ಅತ್ತೆ–ಮಾವನಿಗೆ ಯುರೇಲ್ ಪಾಸು. ಹನ್ನೆರಡು ತುಂಬದ ಮಕ್ಕಳಿಗೆ ದೊಡ್ಡವರ ಜೊತೆಯಲ್ಲಿ ಪಾಸು ಪುಕ್ಕಟೆ. ಆದರೆ ಪ್ಯಾರಿಸ್ಸಿಗೆ ಹೋಗುವ ಯೂರೋಸ್ಟಾರ್‌ಗೂ ಅಲ್ಲಿಂದ ಬಾರ್ಸಿಲೋನಾಕ್ಕೆ ಸುಮಾರು ಏಳು ಗಂಟೆ ಓಡುವ ಟಿಜಿವಿ ಎಂಬ ವೇಗದ ರೈಲಿಗೂ ಸೀಟನ್ನು ಹಣ ಕೊಟ್ಟು ಬೇರೆಯಾಗಿ ಕಾಯ್ದಿರಿಸಬೇಕು, ಪಾಸಿನವರಿಗೆಂದು ಮೀಸಲಾದ ಸೀಟುಗಳು ಬೇಸಿಗೆಯಲ್ಲಿ ಬಹಳ ಮುಂಚೆಯೇ ಮುಗಿಯುತ್ತವೆ. ಪ್ಯಾರಿಸ್ಸಿನಲ್ಲಿ ಗಾರ್ ದ್ಯು ನಾರ್ ನಿಲ್ದಾಣದಲ್ಲಿ ಇಳಿದು, ಸೂಟ್‌ಕೇಸುಗಳ ಸಮೇತ ನೆಲದಡಿಯ ರೈಲು ಹಿಡಿದು ಗಾರ್ ದ ಲಿಯೋನ್ ನಿಲ್ದಾಣಕ್ಕೆ ಹೋಗಬೇಕಾದಾಗ ಅತ್ತೆಯವರ ಮೊಣಕಾಲು ಸೋತಿತು. ಎರಡೇ ದೊಡ್ಡ ನಗರಗಳನ್ನು ನೋಡುವುದಿದ್ದರೆ, ಜೊತೆಯವರು ಚುರುಕಾಗಿ ನಡೆಯುವವರಾಗಿದ್ದರೆ, ರೈಲೇ ಮೇಲು. ಹಳ್ಳಿ, ಕಣಿವೆ, ನಡುದಾರಿಯ ನಿಲುಗಡೆ ಬೇಕೆಂದರೆ ಅದು ಒದಗುವುದಿಲ್ಲ.

ಇನ್ನು ವ್ಯಾನು. ಏಳು ಸೀಟಿನ ಕಾರೇ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಮೂರನೆಯ ಸಾಲನ್ನು ಎಬ್ಬಿಸಿದ ಮೇಲೆ ಅದರ ಡಿಕ್ಕಿಯಲ್ಲಿ ಎರಡು ಕೈಚೀಲ ಹಿಡಿದರೆ ಹೆಚ್ಚು. ರೆನೋ ಟ್ರಾಫಿಕ್, ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್ ಮಾದರಿಯ ಒಂಬತ್ತು ಸೀಟಿನ ವ್ಯಾನಿನಲ್ಲಿ, ಅದರಲ್ಲಿಯೂ ಉದ್ದನೆಯ ದೇಹದ ಆವೃತ್ತಿಯಲ್ಲಿ, ಮೂರನೆಯ ಸಾಲಿನ ಹಿಂದೆಯೂ ಆರು ಮಂದಿಯ ಸಾಮಾನು ಕೂರುತ್ತದೆ. ಚಾಲಕರನ್ನು ಸೇರಿಸಿ ಒಂಬತ್ತು ಮಂದಿಯವರೆಗೆ ಅದೇ ‘ಬಿ’ ಪರವಾನಗಿ ಸಾಕು. ಮುಖ್ಯ ಸಂಗತಿ ಎತ್ತರ. ಫ್ರಾನ್ಸಿನ ಟೋಲ್ ರಸ್ತೆಗಳಲ್ಲಿ ಎರಡು ಮೀಟರಿನವರೆಗಿನ ವಾಹನ ಒಂದನೆಯ ವರ್ಗ, ಎರಡರಿಂದ ಮೂರು ಮೀಟರಿನೊಳಗಿನದು ಎರಡನೆಯ ವರ್ಗ. ಎರಡನೆಯದರ ಶುಲ್ಕ ಸುಮಾರು ಒಂದೂವರೆ ಪಟ್ಟು. ಈ ವ್ಯಾನುಗಳು ಎರಡು ಮೀಟರಿಗೆ ಕೆಲವೇ ಸೆಂಟಿಮೀಟರ್ ಕಡಿಮೆ ಇರುವುದರಿಂದ ಕಾರಿನ ದರದಲ್ಲಿಯೇ ಹೋಗುತ್ತವೆ, ಮೋಟರ್‌ಹೋಮ್ ಹೋಗುವುದಿಲ್ಲ. ಆದರೆ ಗೇಟಿನ ಯಂತ್ರಕ್ಕೆ ಕೆಲವೊಮ್ಮೆ ಆ ಸೂಕ್ಷ್ಮ ತಿಳಿಯುವುದಿಲ್ಲ. ಪರದೆಯ ಮೇಲೆ 2 ಎಂಬ ಅಂಕಿ ಕಂಡರೆ ಕಾರ್ಡ್ ತೂರಿಸುವ ಮೊದಲೇ ಸಹಾಯದ ಗುಂಡಿ ಒತ್ತಿ ‘ಕ್ಲಾಸ್ ಅನ್’, ಅಂದರೆ ಒಂದನೆಯ ವರ್ಗ, ಎನ್ನಬೇಕು. ಒಳಗಿನಿಂದ ಯಾರೋ ಕ್ಯಾಮೆರಾದಲ್ಲಿ ಇಣುಕಿ ಸರಿಪಡಿಸುತ್ತಾರೆ, ಅಷ್ಟರಲ್ಲಿ ಹಿಂದಿನವರು ಹಾರ್ನ್ ಹೊಡೆದಿರುತ್ತಾರೆ. ಹಳೆಯ ನಗರಗಳ ನೆಲಮಾಳಿಗೆ ಪಾರ್ಕಿಂಗ್‌ಗಳಲ್ಲಿ 1.90 ಮೀಟರ್ ಎಂಬ ತಡೆಗಂಬಿ ಇರುವುದು ಸಾಮಾನ್ಯ. ಅಲ್ಲಿಗೆ ಈ ವ್ಯಾನೂ ನುಗ್ಗುವುದಿಲ್ಲ. ಆದ್ದರಿಂದ ಬಯಲು ಪಾರ್ಕಿಂಗ್ ಇರುವ ವಸತಿಯನ್ನೇ ಹುಡುಕುತ್ತೇನೆ.

ದಾರಿಯ ಆಯ್ಕೆಯಲ್ಲಿಯೂ ಹಣ ಉಳಿಯುತ್ತದೆ. ಬೆಲ್ಜಿಯಂ ದಾಟಿ ಲಕ್ಸೆಂಬರ್ಗ್‌ನಲ್ಲಿ ಅಗ್ಗದ ಡೀಸೆಲ್ ತುಂಬಿಸಿಕೊಂಡರೆ, ಮೆಟ್ಸ್, ನ್ಯಾನ್ಸಿ ಕಳೆಯುವವರೆಗೂ ಎ31 ಹೆದ್ದಾರಿಯಲ್ಲಿ ಟೋಲ್ ಇಲ್ಲ. ಅಲ್ಲಿಂದ ದಿಜೋನ್, ಬೋನ್ ಮೂಲಕ ಇಳಿದು, ಜನ ಮುಗಿಬೀಳುವ ಲಿಯೋನ್ ಕಡೆಗೆ ಹೋಗದೆ, ಪಶ್ಚಿಮಕ್ಕೆ ತಿರುಗಿ ಕ್ಲೆರ್ಮೋನ್–ಫೆರಾನ್‌ನಿಂದ ಎ75 ಹಿಡಿಯುವುದು ನನಗೆ ಪ್ರಿಯ. 1,100 ಮೀಟರಿಗೂ ಮೇಲೆ ಹತ್ತಿ ಇಳಿಯುವ ಈ ಹೆದ್ದಾರಿ ಬೆಜಿಯೆವರೆಗೆ ಉಚಿತ. ಹಣ ಕೇಳುವುದು ಮಿಯೋ ಸೇತುವೆಯಲ್ಲಿ ಮಾತ್ರ. 2004ರ ಡಿಸೆಂಬರಿನಲ್ಲಿ ತೆರೆದ, 2,460 ಮೀಟರ್ ಉದ್ದದ, 343 ಮೀಟರಿನವರೆಗೆ ಏರುವ ಆ ಸೇತುವೆಗೆ ಕೊಟ್ಟ ಹಣದ ಬಗ್ಗೆ ನಮ್ಮಲ್ಲಿ ಯಾರೂ ತಕರಾರು ಮಾಡಲಿಲ್ಲ. ಗಡಿ ದಾಟಿದ ಮೇಲೆ ಬಾರ್ಸಿಲೋನಾ ಕಡೆಗಿನ ಎಪಿ–7 ಕೂಡ 2021ರ ಆಗಸ್ಟ್ ಕೊನೆಯಿಂದ ಟೋಲ್‌ಮುಕ್ತ.

ಈ ದಾರಿಯಲ್ಲಿ ಎಚ್ಚರ ಬೇಕಾದದ್ದು ಎ79 ಎಂಬ ತುಂಡಿಗೆ. ಅಲ್ಲಿ ಗೇಟೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟನ್ನು ಓದಿಕೊಳ್ಳುತ್ತದೆ, ನಾವೇ 72 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಹಣ ಕಟ್ಟಬೇಕು. ಕಟ್ಟದಿದ್ದರೆ ನೋಟಿಸು ಬಾಡಿಗೆ ಕಂಪನಿಗೆ ಹೋಗುತ್ತದೆ, ಅವರು ಟೋಲಿಗಿಂತ ದೊಡ್ಡದೊಂದು ‘ನಿರ್ವಹಣಾ ಶುಲ್ಕ’ವನ್ನು ಕಾರ್ಡಿನಿಂದ ಎಳೆದುಕೊಳ್ಳುತ್ತಾರೆ. ಆ ರಾತ್ರಿ ವಸತಿ ತಲುಪಿದೊಡನೆ ನಮ್ಮವರಿಗೆ ಮೊದಲ ಕೆಲಸ ಅದೇ.

ಅಪಾರ್ಟ್‌ಮೆಂಟಿನದೂ ಒಂದು ಕಿರಿಕಿರಿ ಇದೆ: ಜುಲೈ–ಆಗಸ್ಟ್‌ನಲ್ಲಿ ದಕ್ಷಿಣ ಫ್ರಾನ್ಸಿನ ಅನೇಕ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡುತ್ತಾರೆ. ಬಿಜಾನ್ ಫ್ಯೂಟೆ ಎಂಬ ಸರ್ಕಾರಿ ಸಂಚಾರ ಮುನ್ಸೂಚನೆ ಅತಿ ದಟ್ಟಣೆಯ ಗುರುತಾದ ಕಪ್ಪು ಬಣ್ಣ ಬಳಿಯುವುದೂ ಸಾಮಾನ್ಯವಾಗಿ ಅಂಥ ಶನಿವಾರಗಳಿಗೇ. ನಾವು ವಾರದ ನಡುವೆ ಹೊರಟು, ಎರಡು ಮೂರು ರಾತ್ರಿಗೂ ಕೋಣೆ ಕೊಡುವ, ಅಡುಗೆಮೂಲೆ ಇರುವ ಹೋಟೆಲುಗಳನ್ನು ಹಿಡಿಯುತ್ತೇವೆ. ಅಡುಗೆಮನೆಯ ಮೇಲೆ ನನಗಿಷ್ಟು ಹಟ ಏಕೆಂದರೆ ಫ್ರಾನ್ಸಿನ ಸಣ್ಣ ಊರಿನ ಊಟದ ಮನೆಗಳು ಮಧ್ಯಾಹ್ನ ಎರಡಕ್ಕೆ ಒಲೆ ಆರಿಸಿದರೆ ಮತ್ತೆ ಹಚ್ಚುವುದು ಸಂಜೆ ಏಳಕ್ಕೆ, ಆಗಲೂ ಮೊಟ್ಟೆ ಮೀನು ಬಿಟ್ಟವರಿಗೆ ಸಿಗುವುದು ಅಷ್ಟಕ್ಕಷ್ಟೆ. ಕುಕ್ಕರನ್ನು ಒಯ್ಯುವವರು ಸ್ಟೀಲಿನದನ್ನೇ ಒಯ್ಯಿರಿ; ಬಹಳ ಕಡೆ ಇಂಡಕ್ಷನ್ ಒಲೆಗಳಿವೆ, ಅವುಗಳ ಮೇಲೆ ಊರಿನ ಅಲ್ಯೂಮಿನಿಯಂ ಕುಕ್ಕರ್ ಬೆಚ್ಚಗೂ ಆಗುವುದಿಲ್ಲ.

ಖರ್ಚಿನಲ್ಲಿ, ನಮ್ಮ ಲೆಕ್ಕದ ಪ್ರಕಾರ, ವ್ಯಾನು ಮತ್ತು ವಸತಿ ಸೇರಿ ಮೋಟರ್‌ಹೋಮ್‌ಗಿಂತ ಸ್ವಲ್ಪ ಕಡಿಮೆಯೇ ಆಯಿತು. ಮೋಟರ್‌ಹೋಮ್‌ನ ಬಾಡಿಗೆಯೊಂದೇ ಅಲ್ಲ, ಕ್ಯಾಂಪಿಂಗ್ ಜಾಗದ ದಿನದ ಶುಲ್ಕ, ಎರಡನೆಯ ವರ್ಗದ ಟೋಲು, ನೂರು ಕಿಲೋಮೀಟರಿಗೆ ಮೂರು ನಾಲ್ಕು ಲೀಟರ್ ಹೆಚ್ಚಿನ ಡೀಸೆಲ್ಲೂ ಸೇರುತ್ತದೆ. ವ್ಯಾನಿಗೆ ಎರಡನೆಯ ಚಾಲಕರ ಶುಲ್ಕವನ್ನು ಕೊಡುತ್ತೇವೆ, ಏಕೆಂದರೆ ದಿನಕ್ಕೆ ಐದಾರು ಗಂಟೆಗಿಂತ ಹೆಚ್ಚು ಓಡಿಸಬಾರದೆಂಬುದು ನಮ್ಮ ಪದ್ಧತಿ. ಮಕ್ಕಳ ಸೀಟುಗಳನ್ನು ಮನೆಯಿಂದಲೇ ಒಯ್ಯುತ್ತೇವೆ. ಬಾಡಿಗೆ ಕರಾರಿನಲ್ಲಿ ‘ಟ್ರಾಫಿಕ್ ಅಥವಾ ಅಂಥದ್ದೇ’ ಎಂದು ಬರೆದಿರುವುದರಿಂದ ಗಿಡ್ಡ ದೇಹದ ವ್ಯಾನನ್ನು ತಂದು ನಿಲ್ಲಿಸುವ ಹಕ್ಕು ಕಂಪನಿಗಿದೆ. ಮುಂದಿನ ಬೇಸಿಗೆಗೆ ಉದ್ದನೆಯ ದೇಹದ್ದೇ ಎಂದು ಬರಹದಲ್ಲಿ ಒಪ್ಪುವ ಊರಿನ ಸಣ್ಣ ಬಾಡಿಗೆದಾರರೊಬ್ಬರನ್ನು ಹುಡುಕಿಟ್ಟಿದ್ದೇವೆ. ಅವರ ದರ ತುಸು ಹೆಚ್ಚು, ಆದರೂ ಅವರಿಗೇ ಮುಂಗಡ ಕೊಡಲಿದ್ದೇವೆ.