ಬಂಗಿಗೆ ಟ್ಯೂಬ್ ಕ್ರೀಮ್ ಹಚ್ಚುತ್ತಿದ್ದೀರಾ? ಹಾಗಾದರೆ ಮನೆಯಲ್ಲಿ ಆಸಿಡ್ ಪೀಲ್ ಬೇಡ

ಐವತ್ತೆರಡು ವರ್ಷದ ಹೆಂಗಸು. ಕೆನ್ನೆಯ ಮೇಲೆ ಹಳೆಯ ಬಂಗು, ಕಣ್ಣಂಚಿನಲ್ಲಿ ಸಣ್ಣ ಗೆರೆಗಳು. ಆನ್‌ಲೈನ್‌ನಲ್ಲಿ ತರಿಸಿದ ಪೀಲ್‌ನಲ್ಲಿ, ಅಂದರೆ ಚರ್ಮದ ಮೇಲ್ಪದರ ಸುಲಿಸುವ ದ್ರಾವಣದಲ್ಲಿ, ಶೇ 30 ಎಎಚ್‌ಎ (ಗ್ಲೈಕಾಲಿಕ್, ಲ್ಯಾಕ್ಟಿಕ್‌ನಂಥ ಆಸಿಡ್‌ಗಳು), ಶೇ 2 ಸ್ಯಾಲಿಸಿಲಿಕ್ ಆಸಿಡ್ ಇತ್ತು. ಹತ್ತು ನಿಮಿಷ ಎಂದು ಬರೆದಿತ್ತು, ಇವರೂ ಗಡಿಯಾರ ನೋಡಿಕೊಂಡು ಹತ್ತೇ ನಿಮಿಷ ಬಿಟ್ಟರು. ಮೂರನೇ ನಿಮಿಷಕ್ಕೇ ಮೇಲ್ದುಟಿ ಮತ್ತು ಮೂಗಿನ ಪಕ್ಕ ಮೆಣಸಿನಪುಡಿ ಉಜ್ಜಿದ ಹಾಗೆ ಉರಿ. ಔಷಧಿ ಕೆಲಸ ಮಾಡುತ್ತಿದೆ ಎಂದುಕೊಂಡು ತಡೆದುಕೊಂಡರು. ತೊಳೆದಾಗ ಆ ಜಾಗಗಳಲ್ಲಿ ಚರ್ಮ ಬಿಳಿಚಿಕೊಂಡಿತ್ತು. ಮರುದಿನ ಊತ, ಮೂರನೇ ದಿನ ಕಂದು ಹಕ್ಕಳೆ, ಎರಡನೇ ವಾರದಲ್ಲಿ ಹಕ್ಕಳೆ ಉದುರಿ ಕಾಫಿಪುಡಿ ಬಣ್ಣದ ಪಟ್ಟಿ. ಮೊದಲಿದ್ದ ಬಂಗಿಗಿಂತ ಕಪ್ಪು.

ಅವರು ಬಾಟಲಿಯ ಮಾತು ಮೀರಲಿಲ್ಲ. ಆದರೆ ಆ ಮುಖಕ್ಕೆ ಏನೇನು ಆಗಿತ್ತು ಎಂಬುದು ಬಾಟಲಿಗೆ ಗೊತ್ತಿರಲಿಲ್ಲ. ಎರಡು ದಿನ ಮೊದಲು ಮೇಲ್ದುಟಿಗೆ ಥ್ರೆಡಿಂಗ್ ಆಗಿತ್ತು. ಅದಕ್ಕಿಂತ ಮುಖ್ಯವಾಗಿ, ಎರಡು ವರ್ಷದಿಂದ ರಾತ್ರಿ ಹೊತ್ತು ಮೆಡಿಕಲ್ ಶಾಪಿನ ಟ್ಯೂಬ್ ಕ್ರೀಮ್ ಹಚ್ಚುತ್ತಿದ್ದರು.

ಈ ಟ್ಯೂಬ್ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಹಿಂಬದಿಯ ಸಣ್ಣ ಅಕ್ಷರ ಓದಿ: ಹೈಡ್ರೋಕ್ವಿನೋನ್ ಶೇ 2, ಟ್ರೆಟಿನಾಯಿನ್ ಶೇ 0.025, ಮೊಮೆಟಾಸೋನ್ ಶೇ 0.1. ಚರ್ಮವೈದ್ಯರು ಬಂಗಿಗೆಂದು ಕೆಲವು ವಾರಗಳಿಗಷ್ಟೇ ಬರೆದುಕೊಡುವ ಔಷಧಿ ಇದು. ಚೀಟಿಯಿಲ್ಲದೆ ಮತ್ತೆ ಮತ್ತೆ ಕೊಂಡು ವರ್ಷಗಟ್ಟಲೆ ಹಚ್ಚುವವರಿದ್ದಾರೆ. ಮೊಮೆಟಾಸೋನ್ ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪಾಗಬೇಕಾದದ್ದೂ ಕೆಂಪಾಗದೆ ಮುಚ್ಚಿಹೋಗುತ್ತದೆ. ಟ್ರೆಟಿನಾಯಿನ್ ಮೇಲಿನ ಸತ್ತ ಪದರವನ್ನು ಸವೆಸಿಟ್ಟಿರುತ್ತದೆ. ಇದರ ಮೇಲೆ ವಯಸ್ಸು ಬೇರೆ. ಮುಟ್ಟು ನಿಂತ ಮೇಲೆ ಮುಖದ ಎಣ್ಣೆಯಂಶ ಇಳಿಯುತ್ತದೆ. ಹರೆಯದಲ್ಲಿ ಸುಮಾರು ನಾಲ್ಕು ವಾರಕ್ಕೆ ಹೊಸದಾಗುತ್ತಿದ್ದ ಮೇಲ್ಪದರ ಈಗ ಇನ್ನೂ ನಿಧಾನ. ಗಾಯ ಮಾಯುವುದೂ ತಡ. ಇಪ್ಪತ್ತೈದರ ಮುಖದಲ್ಲಿ ಹತ್ತು ನಿಮಿಷಕ್ಕೆ ಮೇಲ್ಮೇಲೆ ನಿಲ್ಲುವ ಆಸಿಡ್ ಇಂಥ ಮುಖದಲ್ಲಿ ಆಳಕ್ಕೆ ಇಳಿಯುತ್ತದೆ.

ಬಾಟಲಿಯ ಶೇಕಡಾ ಅಂಕಿಯೊಂದನ್ನೇ ನಂಬಬೇಡಿ. ಕಚ್ಚುವುದು ಮುಕ್ತವಾಗಿರುವ ಆಸಿಡ್, ಅದು ಎಷ್ಟಿದೆ ಎಂದು ಹೇಳುವುದು ಪಿಎಚ್ ಎಂಬ ಆಮ್ಲದ ಅಳತೆ, ಅಂಕಿ ಇಳಿದಷ್ಟೂ ತೀಕ್ಷ್ಣ. ಗ್ಲೈಕಾಲಿಕ್ ಆಸಿಡ್ ಪಿಎಚ್ 3.8ರಲ್ಲಿ ಅರ್ಧದಷ್ಟು ಮುಕ್ತವಾಗಿರುತ್ತದೆ. 4.5ಕ್ಕೆ ಏರಿದರೆ ಆರನೇ ಒಂದು ಭಾಗದಷ್ಟು, 3ಕ್ಕೆ ಇಳಿದರೆ ಹೆಚ್ಚುಕಡಿಮೆ ಪೂರ್ತಿ. ಅಮೆರಿಕದ ಸೌಂದರ್ಯವರ್ಧಕ ಪರಿಶೀಲನಾ ಸಮಿತಿ 1998ರಲ್ಲೇ ಮನೆಬಳಕೆಗೆ ಶೇ 10ಕ್ಕಿಂತ ಹೆಚ್ಚು ಎಎಚ್‌ಎ ಬೇಡ, ಪಿಎಚ್ 3.5ಕ್ಕಿಂತ ಕೆಳಗೆ ಬೇಡ ಎಂದಿತ್ತು. ಶೇ 30 ಇರುವುದು ತರಬೇತಾದವರು ಸ್ವಲ್ಪ ಹೊತ್ತು ಹಚ್ಚಿ ಪೂರ್ತಿ ತೊಳೆಯುವುದಕ್ಕೆ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜುಲೈನಲ್ಲಿ, ವೈದ್ಯರ ನಿಗಾ ಇಲ್ಲದೆ ಗಾಢ ಆಸಿಡ್ ಪೀಲ್ ಮಾಡಿಕೊಳ್ಳಬೇಡಿ ಎಂದು ಜನರಿಗೇ ಎಚ್ಚರಿಕೆ ಕೊಟ್ಟಿದೆ. ಪಿಎಚ್ ಬರೆಯದ ಬಾಟಲಿಯನ್ನು ಕೊಳ್ಳಲೇಬೇಡಿ. ನಿಂಬೆರಸ ಮನೆಯದ್ದು ಎಂಬ ಸಮಾಧಾನವೂ ಬೇಡ, ಅದರ ಪಿಎಚ್ 2ರ ಆಸುಪಾಸು.

ಉರಿ ತಡೆಯಲಾಗದಷ್ಟಾದರೆ ಗಡಿಯಾರ ಮರೆತು ಕೂಡಲೇ ನಲ್ಲಿಯ ತಣ್ಣೀರು ಬಿಟ್ಟು ತೊಳೆಯಿರಿ, ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ. ಗ್ಲೈಕಾಲಿಕ್ ತಾನಾಗಿ ನಿಲ್ಲುವುದಿಲ್ಲ, ತೊಳೆಯುವವರೆಗೂ ಇಳಿಯುತ್ತಲೇ ಇರುತ್ತದೆ. ಸೋಪು ಬೇಡ, ಐಸ್ ಬೇಡ, ಅಡುಗೆ ಸೋಡಾ ತಿಕ್ಕುವುದು ಬೇಡ. ಒರೆಸದೆ, ಬಟ್ಟೆ ಒತ್ತಿ ನೀರು ತೆಗೆದು, ವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಹಚ್ಚಿ. ಅರಿಶಿನ, ಟೂತ್‌ಪೇಸ್ಟ್, ಮನೆಯಲ್ಲಿ ಬಿದ್ದಿರುವ ಬೆಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕ್ರೀಮ್ ಯಾವುದೂ ಬೇಡ. ಬಿಳಿ ಮಚ್ಚೆ, ಗುಳ್ಳೆ, ಕಣ್ಣಿನ ಸುತ್ತ ಊತ ಕಂಡರೆ ಅದೇ ದಿನ ಚರ್ಮವೈದ್ಯರ ಬಳಿ ಹೋಗಿ. ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ, ಕಿತ್ತಲ್ಲೇ ಕಲೆ ಉಳಿಯುವುದು ಹೆಚ್ಚು. ನಮ್ಮಂಥ ಗೋಧಿ, ಕಂದು ಬಣ್ಣದ ಚರ್ಮ ಸುಟ್ಟಲ್ಲೆಲ್ಲ ಕಪ್ಪಾಗುತ್ತದೆ, ಆ ಕಪ್ಪು ಇಳಿಯಲು ತಿಂಗಳುಗಳು ಬೇಕು. ಹಕ್ಕಳೆ ಉದುರಿದ ಮೇಲೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ಕಣ್ಣಿಗೆ ಕಾಣುವ ಬೆಳಕೂ ಇಂಥ ಕಲೆಯನ್ನು ಗಾಢವಾಗಿಸುತ್ತದೆ, ಬಿಳಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ.

ಸ್ಟೀರಾಯ್ಡ್ ಟ್ಯೂಬ್ ಹಚ್ಚದವರು, ಚರ್ಮ ಗಟ್ಟಿಯಿರುವವರು ಆಸಿಡ್ ಬಳಸಲೇಬಾರದೆಂದಲ್ಲ. ಶೇ 5 ಲ್ಯಾಕ್ಟಿಕ್ ಆಸಿಡ್‌ನಿಂದ ಶುರು ಮಾಡಿ, ಅದೂ ಉರಿದರೆ ಇನ್ನೂ ಮೃದುವಾದ ಗ್ಲುಕೋನೋಲ್ಯಾಕ್ಟೋನ್. ಇವುಗಳ ಅಣು ಗ್ಲೈಕಾಲಿಕ್‌ಗಿಂತ ದೊಡ್ಡದು, ಒಳಹೋಗುವುದು ನಿಧಾನ. ಮೊದಲು ಮೂರು ರಾತ್ರಿ ಕಿವಿಯ ಹಿಂದೆ ಹಚ್ಚಿ ನೋಡಿ. ಆಮೇಲೆ ವಾರಕ್ಕೆ ಒಂದೇ ರಾತ್ರಿ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು. ಮುಖ ತೊಳೆದು ಕಾಲು ಗಂಟೆ ಬಿಟ್ಟು, ಪೂರ್ತಿ ಒಣಗಿದ ಮೇಲೆಯೇ ಹಚ್ಚಿ, ಒದ್ದೆ ಚರ್ಮ ಬೇಗ ಹೀರುತ್ತದೆ. ಮೂಗಿನ ಪಕ್ಕ, ತುಟಿಯ ಮೂಲೆ, ಕಣ್ಣಂಚಿಗೆ ಮೊದಲೇ ಇಯರ್ ಬಡ್‌ನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಆಸಿಡ್ ಜಾರಿಬಂದು ನಿಲ್ಲುವುದು ಈ ಮಡಿಕೆಗಳಲ್ಲೇ. ರೆಟಿನಾಲ್ (ಟ್ರೆಟಿನಾಯಿನ್ ಜಾತಿಯದೇ) ಹಚ್ಚುವ ರಾತ್ರಿ ಇದು ಬೇಡ. ಥ್ರೆಡಿಂಗ್, ವ್ಯಾಕ್ಸಿಂಗ್, ಬ್ಲೀಚ್ ಆದ ವಾರವೂ ಬೇಡ. ಒಂದು ತಿಂಗಳು ತೊಂದರೆ ಕಾಣದಿದ್ದರೆ ವಾರಕ್ಕೆ ಎರಡು ರಾತ್ರಿ ಮಾಡಿ.

ಎಎಚ್‌ಎ ಹಚ್ಚುವ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ನಿಲ್ಲಿಸಿ ಸುಮಾರು ಒಂದು ವಾರದವರೆಗೂ. ಕಲಬುರಗಿ, ರಾಯಚೂರಿನ ಮಾರ್ಚ್‌-ಏಪ್ರಿಲ್‌ನಲ್ಲಿ ಇದನ್ನು ಶುರು ಮಾಡಲೇಬೇಡಿ. ಬೆಳಿಗ್ಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ. ಅದಿಲ್ಲದಿದ್ದರೆ ಆಸಿಡ್ ಇಲ್ಲ. ಒರಟುತನ, ಮಂಕು, ಸಣ್ಣ ಗೆರೆಗಳು ಎರಡು ಮೂರು ತಿಂಗಳಲ್ಲಿ ತುಸು ಕಡಿಮೆಯಾಗಬಹುದು. ಜೋತುಬಿದ್ದ ದವಡೆ, ಮೂಗಿನಿಂದ ಬಾಯಿಗೆ ಇಳಿಯುವ ಆಳದ ಮಡಿಕೆ ಯಾವ ಆಸಿಡ್‌ಗೂ ಬಗ್ಗುವುದಿಲ್ಲ.

ಟ್ಯೂಬ್ ಕ್ರೀಮ್ ಹಚ್ಚುತ್ತಿದ್ದರೆ ಮೊದಲು ಅದನ್ನು ಬಿಡುವ ದಾರಿಯನ್ನು ವೈದ್ಯರಿಂದಲೇ ಕೇಳಿ. ವರ್ಷಗಟ್ಟಲೆ ಹಚ್ಚಿದ ಸ್ಟೀರಾಯ್ಡ್ ಒಮ್ಮೆಲೇ ನಿಂತರೆ ಮುಖ ಕೆಂಪಾಗಿ ಉರಿಯುತ್ತದೆ, ಪೀಲ್‌ನ ಸುಟ್ಟಗಾಯವೂ ಜೊತೆಗಿದ್ದರೆ ಯಾವುದು ಯಾವುದರಿಂದ ಎಂದು ತಿಳಿಯುವುದೇ ಕಷ್ಟ. ಹೋಗುವಾಗ ಬಾಟಲಿಯ ಜೊತೆ ಆ ಟ್ಯೂಬನ್ನೂ ಚೀಲಕ್ಕೆ ಹಾಕಿಕೊಳ್ಳಿ. ‘ಏನೋ ಒಂದು ಕ್ರೀಮು ಡಾಕ್ಟ್ರೇ’ ಎಂದರೆ ಅವರಿಗೆ ಅದರಲ್ಲಿ ಸ್ಟೀರಾಯ್ಡ್ ಇತ್ತೆಂದು ತಿಳಿಯುವುದಿಲ್ಲ.