ಮೊದಲ ಪ್ರೇಮ ಕಾದಂಬರಿ: ಪ್ರತಿಲಿಪಿಗೆ ಹಾಕೋದಾ, ಪುಸ್ತಕ ಮಾಡಿಸೋದಾ?

ಬರೆದಿಟ್ಟ ಪ್ರೇಮಕಥೆ ಬೀರುವಿನಲ್ಲಿ ಕೂತಿದೆ, ಅಲ್ವಾ? ಹೊರಗೆ ತೆಗೆಯಿರಿ.

2014ರಲ್ಲಿ ಶುರುವಾದ, ಬೆಂಗಳೂರಿನದೇ ಆದ ಪ್ರತಿಲಿಪಿ ಅನ್ನೋ ಕಥೆ ಬರೆಯುವ, ಓದುವ ಆ್ಯಪ್‌ನಲ್ಲಿ ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಕಂತು ಕಂತಾಗಿ ಹಾಕುತ್ತಾ ಹೋಗಬಹುದು. ನಾಯಕ ಮೂರನೇ ಕಂತಿನಲ್ಲೇ ಪ್ರೀತಿ ಒಪ್ಪಿಕೊಂಡರೆ ಓದುಗರು ಅಲ್ಲೇ ಕೆಳಗೆ ಬೈಯುತ್ತಾರೆ, ಆ ಬೈಗುಳದಲ್ಲಿ ನಾನು ಕಲಿತಷ್ಟು ಯಾವ ಕಮ್ಮಟದಲ್ಲೂ ಕಲಿಯಲಿಲ್ಲ. ತೊಂದರೆ ಏನಂದ್ರೆ, ಪ್ರತಿ ಕಂತಿಗೂ ಒಂದು ತಿರುವು ಇಡಬೇಕು ಅನ್ನೋ ಚಟ ಹತ್ತಿಬಿಡುತ್ತದೆ, ಕಥೆ ಸುಮ್ನೆ ಉದ್ದವಾಗುತ್ತದೆ.

ಪುಸ್ತಕದ ದಾರಿ ನಿಧಾನ. ನನ್ನ ಹಸ್ತಪ್ರತಿ ಒಬ್ಬ ಪ್ರಕಾಶಕರ ಮೇಜಿನ ಮೇಲೆ ವರ್ಷಗಟ್ಟಲೆ ಮಲಗಿತ್ತು, ಬೇಡ ಅಂತ ಹೇಳುವ ಸೌಜನ್ಯವೂ ಇರಲಿಲ್ಲ. ಸ್ವಂತ ಖರ್ಚಿನಲ್ಲಿ ಮಾಡಿಸಿದರೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ನಮ್ಮ ದೇಶದಲ್ಲಿ ಉಚಿತ, ಆದರೆ ಮುದ್ರಣದ ದುಡ್ಡು, ಮಾರಾಟವಾಗದೆ ಮಂಚದ ಕೆಳಗೆ ಉಳಿಯುವ ಪುಸ್ತಕದ ಕಟ್ಟುಗಳು ನಿಮ್ಮವೇ. ಲಾಭ? ಒಳ್ಳೆಯ ಸಂಪಾದಕರು ಸಿಕ್ಕರೆ ಅರ್ಧ ವಿಶೇಷಣ ಹೊಡೆದುಹಾಕುತ್ತಾರೆ. ಗ್ರಂಥಾಲಯದಲ್ಲೂ ಪುಸ್ತಕ ಸಿಗಬಹುದು.

ಸುಧಾ, ತರಂಗದಂಥ ವಾರಪತ್ರಿಕೆಗಳ ಧಾರಾವಾಹಿಯೂ ಇದೆ. ಜಾಗ ಕಡಿಮೆ, ಪೈಪೋಟಿ ಜಾಸ್ತಿ.

ನಾನಾದರೆ ಮೊದಲು ಆ್ಯಪ್‌ನಲ್ಲಿ ಒಂದು ಕಥೆ ಮುಗಿಸುತ್ತೇನೆ, ಪುಸ್ತಕಕ್ಕೆ ಎರಡನೆಯದನ್ನು ಇಟ್ಟುಕೊಳ್ಳುತ್ತೇನೆ. ಎಲ್ಲಿ ಕೊಟ್ಟರೂ ಹಕ್ಕು ಯಾರದು ಅಂತ ಓದಿಯೇ ಸಹಿ ಹಾಕಿ.