ನಾಲ್ಕು ಮಳೆಗಾಲ ಕಂಡ ರೋಯಿಂಗ್ ಮೆಷಿನ್: ಕೊಡಗಿನ ತೋಟದ ಮನೆಯಲ್ಲಿ ಕಾನ್ಸೆಪ್ಟ್2 ರೋಅರ್ಗ್

ನಮ್ಮ ತೋಟ ಮಡಿಕೇರಿ ಹತ್ತಿರ. ಕಾಫಿ ಹೂವಿಗೆ ನೀರು ಹಾರಿಸಲು ಅಪ್ಪ ತೆಗೆಸಿದ ಒಂದು ಉದ್ದನೆಯ ಕೆರೆ ಇದೆ. ಈ ತುದಿಯಿಂದ ಆ ತುದಿಗೆ 150 ಮೀಟರ್. ಅದರಲ್ಲಿ ಬಿಡೋಣ ಅಂತ 2021ರಲ್ಲಿ ಕೇರಳದಿಂದ ಹಳೆಯದೊಂದು ಸಿಂಗಲ್ ಸ್ಕಲ್ ತಂದೆ. ಒಬ್ಬರೇ ಕೂತು ಎರಡು ಕೈಯಲ್ಲೂ ಹುಟ್ಟು ಹಾಕುವ ದೋಣಿ, ಕಲಿಯುವವರಿಗೆ ಅಂತ ಸ್ವಲ್ಪ ಅಗಲ ಮಾಡಿದ್ದು. ಆದರೆ ವರ್ಷದಲ್ಲಿ ಐದು ತಿಂಗಳಿಗಿಂತ ಜಾಸ್ತಿ ಅದನ್ನು ನೀರಿಗೆ ಇಳಿಸಲು ಆಗುವುದಿಲ್ಲ. ಫೆಬ್ರವರಿ ಕೊನೆಗೆ ಸ್ಪ್ರಿಂಕ್ಲರ್ ಶುರುವಾದರೆ ಕೆರೆ ನೋಡನೋಡುತ್ತಾ ಇಳಿಯುತ್ತದೆ. ಜೂನ್‌ನಿಂದ ಮಳೆ. ಕಕ್ಕಡ ಮಾಸದಲ್ಲಂತೂ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕೆರೆ ಏರಿ ಮೇಲೆ ನಿಲ್ಲುವುದೂ ಕಷ್ಟ. ಆ ದಿನಗಳಲ್ಲಿ ಒಳಗೇ ಕೂತು ಹುಟ್ಟು ಹಾಕುವ ಅಭ್ಯಾಸಕ್ಕೆ ಅಂತ 2022ರ ಮೇ ತಿಂಗಳಲ್ಲಿ ಕಾನ್ಸೆಪ್ಟ್2 ಕಂಪನಿಯ ಈ ಮೆಷಿನ್ ತರಿಸಿದೆ. ಸಾಗಣೆ ಎಲ್ಲ ಸೇರಿ ಲಕ್ಷ ದಾಟಿತು.

ಇದು ಮೊದಲು ಮಾಡೆಲ್ ಡಿ ಅಂತ ಇದ್ದ ಮೆಷಿನ್, 2021ರಿಂದ ರೋಅರ್ಗ್ ಅಂತ ಹೆಸರು. ದೋಣಿಯ ಹುಟ್ಟು ತಯಾರಿಸುತ್ತಿದ್ದ ಅಣ್ಣತಮ್ಮಂದಿರು 1981ರಲ್ಲಿ ಸೈಕಲ್ ಚಕ್ರ ಇಟ್ಟುಕೊಂಡು ಇದರ ಮೊದಲ ಮಾದರಿ ಮಾಡಿದರು. ಈಗಲೂ ಅದೇ ಲೆಕ್ಕ. ಹ್ಯಾಂಡಲ್ ಎಳೆದರೆ ಚೈನ್ ಫ್ಲೈವೀಲ್ ಅನ್ನುವ ಚಕ್ರ ತಿರುಗಿಸುತ್ತದೆ, ಅದರ ರೆಕ್ಕೆಗಳು ಗಾಳಿಯನ್ನು ತಳ್ಳುತ್ತವೆ. ಜೋರಾಗಿ ಎಳೆದಷ್ಟೂ ಭಾರ. ಉದ್ದ ಎಂಟು ಅಡಿ, ತೂಕ 26 ಕಿಲೋ. ಎರಡು ತುಂಡು ಮಾಡಿ ನಿಲ್ಲಿಸಿಡಬಹುದು. ಕರೆಂಟ್ ಬೇಡ, ಮಾನಿಟರ್‌ಗೆ ಎರಡು ದಪ್ಪ ಬ್ಯಾಟರಿ ಸಾಕು. ಮರ ಬಿದ್ದು ನಾಲ್ಕು ದಿನ ಲೈನ್ ಹೋಗುವ ನಮ್ಮಂಥ ಕಡೆ ಇದು ಸಣ್ಣ ವಿಷಯ ಅಲ್ಲ.

ಈಗ ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ, ಹೊಸಬರೆಲ್ಲ ಇದನ್ನೇ ಮಾಡುತ್ತಾರೆ. ಫ್ಲೈವೀಲ್ ಪಕ್ಕದಲ್ಲಿ ಡ್ಯಾಂಪರ್ ಅಂತ ಒಂದು ಹಿಡಿ ಇದೆ, 1ರಿಂದ 10ರವರೆಗೆ. 10ಕ್ಕೆ ಇಟ್ಟರೆ ಜಾಸ್ತಿ ವ್ಯಾಯಾಮ ಅಂದುಕೊಂಡು ಎರಡು ತಿಂಗಳು ಹಾಗೇ ಎಳೆದೆ. ಸೊಂಟ ಹಿಡಿದುಕೊಂಡಿತು. ಡ್ಯಾಂಪರ್ ಅಂದರೆ ಒಳಗೆ ಎಷ್ಟು ಗಾಳಿ ಬಿಡಬೇಕು ಅನ್ನುವುದು ಅಷ್ಟೇ, ಸೈಕಲ್‌ನ ಗೇರ್ ಇದ್ದ ಹಾಗೆ. ನಿಜವಾಗಿ ನೋಡಬೇಕಾದ್ದು ಡ್ರ್ಯಾಗ್ ಫ್ಯಾಕ್ಟರ್. ಎಳೆತಗಳ ನಡುವೆ ಚಕ್ರ ಎಷ್ಟು ಬೇಗ ನಿಧಾನವಾಗುತ್ತದೆ ಅಂತ ಮಾನಿಟರ್ ಅಳೆದು ಹೇಳುವ ಸಂಖ್ಯೆ ಅದು. ಹೆಚ್ಚಿನವರು 110ರಿಂದ 130ರ ನಡುವೆ ಇಡುತ್ತಾರೆ. ನಾವಿರುವುದು ಸಾವಿರ ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಹಾಗಾಗಿ ಮಂಗಳೂರಿನವರ ಮೆಷಿನ್ 4ರಲ್ಲಿ ತೋರಿಸುವ ಸಂಖ್ಯೆ ಇಲ್ಲಿ 4ಕ್ಕೆ ಬರುವುದಿಲ್ಲ. ಡ್ಯಾಂಪರ್ ನೋಡಬೇಡಿ, ಸಂಖ್ಯೆ ನೋಡಿ.

ಇನ್ನೊಂದು ವಿಷಯ ಗೊತ್ತಾಗಲು ನನಗೆ ಒಂದೂವರೆ ವರ್ಷ ಬೇಕಾಯಿತು. ಮೆಷಿನ್ ಇಟ್ಟಿರುವುದು ಕಣದ ಪಕ್ಕದ ಗೋದಾಮಿನಲ್ಲಿ. ಕೊಯ್ಲು ಮುಗಿಯುವಷ್ಟರಲ್ಲಿ ಡ್ರ್ಯಾಗ್ 120 ಇದ್ದದ್ದು 104ಕ್ಕೆ ಬಂದಿತ್ತು. ಡ್ಯಾಂಪರ್ ಮುಟ್ಟಿರಲಿಲ್ಲ. ಫ್ಲೈವೀಲ್ ಮುಚ್ಚಿರುವ ಜಾಲರಿಗೆ ಟಾರ್ಚ್ ಹಿಡಿದು ನೋಡಿದರೆ ಒಳಗೆಲ್ಲ ಕಾಫಿ ಸಿಪ್ಪೆಯ ಧೂಳು, ಬೆಕ್ಕಿನ ಮೈಯಷ್ಟು ದಪ್ಪ. ಜಾಲರಿ ಬಿಚ್ಚಿ ವ್ಯಾಕ್ಯೂಮ್ ಹಾಕಿದ ಮೇಲೆ ಮತ್ತೆ 120. ಈಗ ಸಂಕ್ರಾಂತಿ ಆದ ತಕ್ಷಣ ಒಂದು ಸಲ ಬಿಚ್ಚುತ್ತೇನೆ.

ಮಳೆಗಾಲದ ಆರೈಕೆ ಬೇರೆಯೇ. ಚೈನ್‌ಗೆ 50 ಗಂಟೆಗೊಮ್ಮೆ ಎಣ್ಣೆ ಅಂತ ಪುಸ್ತಕದಲ್ಲಿದೆ. ಮೊದಲ ಜುಲೈನಲ್ಲಿ ಹನ್ನೆರಡು ದಿನ ಊರಿಗೆ ಹೋಗಿದ್ದೆ. ಬಂದು ನೋಡಿದರೆ ಚೈನ್ ಮೇಲೆ ಕೆಂಪು ಚುಕ್ಕೆ, ಹ್ಯಾಂಡಲ್ ಮೇಲೆ ಬೂಷ್ಟು. ತಪ್ಪು ನನ್ನದೇ, ಇಲ್ಲಿನ ತೇವದಲ್ಲಿ ಗಂಟೆ ಲೆಕ್ಕ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಭಾನುವಾರ ಬಟ್ಟೆಗೆ ಎರಡು ಚಮಚ ತೆಳು ಎಣ್ಣೆ ಹಾಕಿ ಚೈನ್ ಒರೆಸುತ್ತೇನೆ. ತುಕ್ಕು ಬಿಡಿಸುವ ಸ್ಪ್ರೇ ಹಾಕಬೇಡಿ, ಅದು ಇರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಸೀಟ್ ಓಡುವ ಕಂಬಿಯನ್ನು ದಿನಾ ಒರೆಸಬೇಕು. ಇಷ್ಟು ಮಾಡಿದ್ದಕ್ಕೆ ನಾಲ್ಕು ವರ್ಷದಲ್ಲಿ ಒಂದು ಭಾಗವನ್ನೂ ಬದಲಿಸಿಲ್ಲ.

ಇನ್ನು ಹುಟ್ಟು ಹಾಕುವ ರೀತಿ. ಪಕ್ಕದ ತೋಟದಲ್ಲಿ ಒಬ್ಬರು ನಿವೃತ್ತ ಸುಬೇದಾರ್ ಇದ್ದಾರೆ, ಸೈನ್ಯದಲ್ಲಿದ್ದಾಗ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರೋಯಿಂಗ್ ಮಾಡಿದವರು. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸೈನಿಕ ಬಜರಂಗ್ ಲಾಲ್ ತಾಖರ್ ಸಿಂಗಲ್ ಸ್ಕಲ್‌ನಲ್ಲಿ ಚಿನ್ನ ಗೆದ್ದದ್ದು, ರೋಯಿಂಗ್‌ನಲ್ಲಿ ಭಾರತಕ್ಕೆ ಅದೇ ಮೊದಲ ಏಷ್ಯನ್ ಚಿನ್ನ, ಅದನ್ನು ಈಗಲೂ ನಿನ್ನೆ ನಡೆದ ಹಾಗೆ ಹೇಳುತ್ತಾರೆ. ಒಂದು ದಿನ ಕೆರೆ ಏರಿ ಮೇಲೆ ನಿಂತು ನನ್ನನ್ನು ನೋಡಿದರು. ದಡಕ್ಕೆ ಬಂದ ಮೇಲೆ ಕೇಳಿದೆ, "ಹೇಗಿತ್ತು ಮಾವ?"

"ಎಳೆಯೋದು ಪರವಾಗಿಲ್ಲ. ವಾಪಸ್ ಬರೋವಾಗ ಯಾಕೆ ಓಡ್ತೀಯ? ದೋಣಿ ಮುಂದೆ ಹೋಗ್ತಾ ಇದೆ, ನೀನು ಅದನ್ನ ಹಿಂದಕ್ಕೆ ಒದೀತಾ ಇದ್ದೀಯ."

ನನ್ನ ನಾಲ್ಕು ವರ್ಷದ ಕಲಿಕೆ ಇಷ್ಟರಲ್ಲೇ ಇದೆ. ಎಳೆದು ಮುಗಿದ ಮೇಲೆ ಸೀಟ್ ಮೇಲೆ ಜಾರಿ ಮತ್ತೆ ಪಾದದ ಕಡೆ ಬರುತ್ತೇವಲ್ಲ, ಆಗ ನಮ್ಮ ಮೈಭಾರ ದೋಣಿ ಹೋಗುವ ದಿಕ್ಕಿಗೆ ಎದುರು ಚಲಿಸುತ್ತಿರುತ್ತದೆ. ಜೋರಾಗಿ ಬಂದು ಗಕ್ಕನೆ ನಿಂತರೆ ಆ ಹೊಡೆತ ದೋಣಿಗೆ ಬೀಳುತ್ತದೆ, ಗಳಿಸಿದ ವೇಗ ಅಲ್ಲೇ ಹೋಗುತ್ತದೆ. ಮೆಷಿನ್ ನೆಲಕ್ಕೆ ಕೂತಿರುವುದರಿಂದ ಅದರ ಮೇಲೆ ಎಷ್ಟು ಓಡಿದರೂ ಶಿಕ್ಷೆ ಇಲ್ಲ. ನಿಮಿಷಕ್ಕೆ 32 ಎಳೆತ ಹಾಕುತ್ತಿದ್ದೆ, ನಂಬರ್ ಚೆನ್ನಾಗಿಯೇ ಕಾಣುತ್ತಿತ್ತು.

ಅವತ್ತಿನಿಂದ ಮೆಷಿನ್ ಬಳಸುವ ರೀತಿಯನ್ನೇ ಬದಲಿಸಿದೆ. 18 ಎಳೆತಕ್ಕೆ ಇಳಿಸಿದೆ. ಎಳೆಯಲು ಒಂದು ಎಣಿಕೆ, ವಾಪಸ್ ಬರಲು ಎರಡು. ಮೊದಲು ಕೈ ಮುಂದಕ್ಕೆ, ಆಮೇಲೆ ಸೊಂಟದಿಂದ ಮೈ ಬಾಗಬೇಕು, ಕೊನೆಗೆ ಮಂಡಿ ಮಡಚಬೇಕು. ಹ್ಯಾಂಡಲ್ ಮಂಡಿ ದಾಟುವ ಮೊದಲೇ ಮಂಡಿ ಎದ್ದರೆ ಮೆಷಿನ್‌ನಲ್ಲಿ ಹ್ಯಾಂಡಲ್ ಸ್ವಲ್ಪ ಎತ್ತಿ ತಪ್ಪಿಸಿಕೊಳ್ಳಬಹುದು. ದೋಣಿಯಲ್ಲಿ ಹಾಗೆ ಕೈ ಎತ್ತಿದರೆ ಹುಟ್ಟಿನ ಹಲಗೆ ನೀರಿಗೆ ಬಡಿಯುತ್ತದೆ. ಪಾದದ ಪಟ್ಟಿ ಬಿಚ್ಚಿ ಹತ್ತು ನಿಮಿಷ ಎಳೆಯುವುದು ಇನ್ನೊಂದು ಅಭ್ಯಾಸ. ಕೊನೆಯಲ್ಲಿ ಮೈಯನ್ನು ಹಿಂದಕ್ಕೆ ಎಸೆಯುವವರು ಪಟ್ಟಿ ಇಲ್ಲದಿದ್ದರೆ ಹಿಂದಕ್ಕೇ ಹೋಗುತ್ತಾರೆ. ನನಗೆ ಪಟ್ಟಿ ಇಲ್ಲದೆ ನೆಟ್ಟಗೆ ಕೂರಲು ಮೂರು ವಾರ ಬೇಕಾಯಿತು.

ಮಾನಿಟರ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಬಲದ ಗೆರೆ. ಪ್ರತಿ ಎಳೆತಕ್ಕೂ ಒಂದು ಗುಡ್ಡದಂಥ ಚಿತ್ರ ಬರುತ್ತದೆ. ಮೊದಮೊದಲು ನನ್ನ ಗುಡ್ಡಕ್ಕೆ ಎರಡು ತಲೆ ಇತ್ತು, ನಡುವೆ ಒಂದು ತಗ್ಗು. ಕಾಲು ಒದ್ದಾಗ ಸೀಟ್ ಮಾತ್ರ ಹಿಂದೆ ಹೋಗಿ ಹ್ಯಾಂಡಲ್ ಅಲ್ಲೇ ಉಳಿಯುತ್ತಿತ್ತು, ಆಮೇಲೆ ಬೆನ್ನು ಎಳೆಯುತ್ತಿತ್ತು. ಕಾಲಿನ ಬಲ ಬೆನ್ನಿಗೆ ದಾಟುವಾಗ ಸೊಂಟ ಗಟ್ಟಿ ಹಿಡಿದರೆ ತಗ್ಗು ತುಂಬುತ್ತದೆ. ಯಾರೂ ಹೇಳಿಕೊಡುವವರಿಲ್ಲದ ಊರಿನಲ್ಲಿ ಈ ಗೆರೆಯೇ ನನಗೆ ಮೇಷ್ಟ್ರು.

ಮೆಷಿನ್ ಮೇಲೆ 2,000 ಮೀಟರ್ ಮೊದಲ ಸಲ 9 ನಿಮಿಷ 20 ಸೆಕೆಂಡ್. ಕಳೆದ ಆಗಸ್ಟ್‌ನಲ್ಲಿ 8 ನಿಮಿಷ 12 ಸೆಕೆಂಡ್, ಅದೂ ನಿಮಿಷಕ್ಕೆ 26 ಎಳೆತದಲ್ಲಿ. 500 ಮೀಟರ್ ಲೆಕ್ಕದಲ್ಲಿ 2:20ರಿಂದ 2:03. ಹದಿನೇಳು ಸೆಕೆಂಡ್ ಅಷ್ಟೇ ಅಲ್ವಾ ಅನಿಸಬಹುದು. ಆದರೆ ವೇಗ ಏರಿದ ಹಾಗೆ ಬೇಕಾಗುವ ಶಕ್ತಿ ಘನದ ಲೆಕ್ಕದಲ್ಲಿ ಏರುತ್ತದೆ. 2:20ಕ್ಕೆ ಸುಮಾರು 127 ವ್ಯಾಟ್ ಸಾಕು, 2:03ಕ್ಕೆ 188 ಬೇಕು, ಹೆಚ್ಚುಕಡಿಮೆ ಒಂದೂವರೆ ಪಟ್ಟು.

ಮೆಷಿನ್ ಕಲಿಸದೇ ಇರುವುದೂ ಬಹಳ ಇದೆ. ಸಮತೋಲನ ಕಲಿಸುವುದಿಲ್ಲ. ಹುಟ್ಟನ್ನು ಯಾವಾಗ ನೇರ ಮಾಡಿ ನೀರಿಗೆ ಇಳಿಸಬೇಕು, ಯಾವಾಗ ತಿರುಗಿಸಿ ಹೊರಗೆ ತೆಗೆಯಬೇಕು ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಸ್ಕಲ್‌ನಲ್ಲಿ ಎರಡು ಹಿಡಿಗಳು ಎದೆಯ ಮುಂದೆ ಒಂದರ ಮೇಲೊಂದು ಹಾಯುತ್ತವೆ. ಸಾಮಾನ್ಯವಾಗಿ ಎಡಗೈ ಮೇಲೆ. ಇದು ಅಭ್ಯಾಸವಾಗುವವರೆಗೆ ನನ್ನ ಬಲಗೈ ಗೆಣ್ಣುಗಳು ಸುಲಿದಿದ್ದವು. ಮೆಷಿನ್‌ನಲ್ಲಿ ಒಂದೇ ಹ್ಯಾಂಡಲ್. ನೀರು ಹತ್ತಿರ ಇಲ್ಲದವರಿಗೆ ಒಳ್ಳೆಯ ವ್ಯಾಯಾಮ ಸಿಗುತ್ತದೆ, ಅದು ಬೇರೆ ಮಾತು. ಶಬ್ದವೂ ಇದೆ, ಗಾಳಿ ಮೆಷಿನ್ ಯಾವುದಾದರೂ ಹಾಗೇ. ಮಗು ಮಲಗಿರುವ ಕೋಣೆಯ ಪಕ್ಕ ಇಡಬೇಡಿ.

ಕೆರೆಗೆ ಇಳಿಯುವವರಿಗೆ ಒಂದು ಮಾತು. ಲೈಫ್ ಜಾಕೆಟ್ ಹಾಕಿ, ದಡದಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಿ. ತೋಟದ ಕೆರೆಗಳ ದಡ ಕಡಿದಾಗಿರುತ್ತದೆ, ಮಗುಚಿದರೆ ಹತ್ತಿ ಬರುವುದು ಸುಲಭ ಅಲ್ಲ.

ಅಕ್ಟೋಬರ್‌ನಲ್ಲಿ ಕೆರೆ ಕೋಡಿ ಬಿದ್ದ ಮೇಲೆ ದೋಣಿ ಇಳಿಸಿದೆ. ಬೆಳಿಗ್ಗೆ ಮಂಜು ಇನ್ನೂ ನೀರಿನ ಮೇಲೇ ಇತ್ತು. ಮೊದಲ ವರ್ಷ ಆ ತುದಿ ಮುಟ್ಟಲು 24 ಎಳೆತ ಬೇಕಾಗುತ್ತಿತ್ತು. ಈ ಸಲ ಎಣಿಸಿದೆ, 17. ಏರಿ ಮೇಲಿದ್ದ ಮಾವ ಏನೂ ಹೇಳಲಿಲ್ಲ, ಇನ್ನೊಂದು ಸುತ್ತು ಹಾಕು ಅಂತ ಕೈ ತೋರಿಸಿದರು.